ಗುಂಪು ಕಲಾ ಪ್ರದರ್ಶನ ಕ್ಯುರೇಟ್ ಮಾಡುವುದು ಹೇಗೆ: ಮೊದಲ ಸಲ ಕೈಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಎಳೆಯರು ಸೇರಿ ನಡೆಸುವ ಗುಂಪು ಪ್ರದರ್ಶನಗಳು ಹೆಚ್ಚಾಗಿ ಒಂದೇ ಕಡೆ ಎಡವುತ್ತವೆ. ಮೊದಲು ತಾರೀಖು ಗೊತ್ತಾಗುತ್ತದೆ, ಆಮೇಲೆ ಮುಖ್ಯ ಅತಿಥಿ, ಆಮೇಲೆ ಆಮಂತ್ರಣ ಪತ್ರಿಕೆ. ಕೊನೆಯ ವಾರ ಹನ್ನೆರಡು ಜನರಿಗೆ ‘ತಲಾ ಮೂರು ಕೃತಿ ತನ್ನಿ’ ಎಂಬ ಸಂದೇಶ ಹೋಗುತ್ತದೆ. 20 ಕೃತಿ ಹಿಡಿಸುವ ಹಾಲ್‌ಗೆ 36 ಬಂದು ಬೀಳುತ್ತವೆ. ಯಾವುದನ್ನೂ ಬಿಡಲಾಗದೆ ಎಲ್ಲವನ್ನೂ ಎರಡು ಸಾಲು ಮಾಡಿ ಒತ್ತಿ ತೂಗುಹಾಕಿದರೆ ನೋಡುವವರ ಕಣ್ಣಿಗೆ ಒಂದೂ ನಿಲ್ಲುವುದಿಲ್ಲ.

ಕ್ಯುರೇಟ್ ಮಾಡುವವರು, ಅಂದರೆ ಕೃತಿಗಳನ್ನು ಆರಿಸಿ ಅರ್ಥ ಬರುವಂತೆ ಜೋಡಿಸುವವರು, ಈ ಕ್ರಮವನ್ನು ತಿರುಗಿಸಬೇಕು. ಪ್ರದರ್ಶನ ಕೇಳುವ ಪ್ರಶ್ನೆ ಮೊದಲು, ಗೋಡೆ ಎರಡನೆಯದು, ಕೃತಿ ಮೂರನೆಯದು. ಅತಿಥಿ ಮತ್ತು ಆಮಂತ್ರಣ ಪತ್ರಿಕೆ ತೀರ ಕೊನೆಗೆ. ಮೊದಲ ಪ್ರದರ್ಶನಕ್ಕೆ 12 ವಾರ ಇಟ್ಟುಕೊಳ್ಳಿ. ಮಾತಿಗೆ ಅನುಕೂಲವಾಗಲೆಂದು ಇಲ್ಲಿ ಒಂದೇ ಉದಾಹರಣೆ ಹಿಡಿದಿದ್ದೇವೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಣ್ಣುಮಕ್ಕಳ ಕೆಲಸವನ್ನು ಕುರಿತು ಎಂಟು ಕಲಾವಿದರ ಒಂದು ಪ್ರದರ್ಶನ.

ಹಂತ 1: ಮನೆಯ ಗೋಡೆಯ ಮೇಲೆ ಕೈ ಪಳಗಿಸಿ (1ನೇ ವಾರ)

ಗೆಳೆಯರ 20 ಕೃತಿಗಳ ಫೋಟೊ ಕೇಳಿ ಪಡೆದು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಕಪ್ಪು-ಬಿಳುಪಾದರೂ ಸಾಕು. ಅದರಲ್ಲಿ 9 ಮಾತ್ರ ಇಟ್ಟುಕೊಂಡು ಒಂದು ಗೋಡೆಯ ಮೇಲೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ. ಬಿಟ್ಟ 11ರಲ್ಲಿ ಪ್ರತಿಯೊಂದನ್ನೂ ಯಾಕೆ ಬಿಟ್ಟಿರಿ ಎಂದು ಒಂದೊಂದು ಸಾಲು ಬರೆಯಿರಿ. ‘ಚೆನ್ನಾಗಿಲ್ಲ’ ಎಂಬ ಕಾರಣ ನಡೆಯದು. ‘ಪಕ್ಕದ ಚಿತ್ರ ಹೇಳಿದ್ದನ್ನೇ ಇದೂ ಹೇಳುತ್ತದೆ’, ‘ಇದರ ಕೆಂಪು ಉಳಿದವನ್ನೆಲ್ಲ ನುಂಗುತ್ತದೆ’ ಎಂಬಂಥ ಕಾರಣ ಬೇಕು. ಮರುದಿನ ಅದೇ ಒಂಬತ್ತರ ಕ್ರಮ ಬದಲಿಸಿ. ಮೊದಲ ಮತ್ತು ಕೊನೆಯ ಚಿತ್ರ ಅದಲು ಬದಲಾದರೆ ಇಡೀ ಗೋಡೆಯ ಮಾತೇ ಬದಲಾಗುವುದು ಆಗ ಕಾಣುತ್ತದೆ.

ಅದೇ ವಾರ ಅಳತೆ ಟೇಪು, ನೋಟ್‌ಬುಕ್ ಹಿಡಿದು ಧಾರವಾಡದ ಸರ್ಕಾರಿ ಆರ್ಟ್ ಗ್ಯಾಲರಿಗೆ ಹೋಗಿ. ಚಿತ್ರಕ್ಕಿಂತ ಹೆಚ್ಚಾಗಿ ತೂಗುಹಾಕಿದ ರೀತಿ ನೋಡಿ: ಚಿತ್ರದ ನಡುಭಾಗ ನೆಲದಿಂದ ಎಷ್ಟು ಎತ್ತರ, ಎರಡರ ನಡುವೆ ಎಷ್ಟು ಅಂತರ, ಗಾಜಿನ ಮೇಲೆ ಯಾವ ಕಿಟಕಿ ಮೂಡುತ್ತಿದೆ. ಶಿಲ್ಪದ ಕೆಲಸವಿದ್ದರೆ ಶಿಗ್ಗಾವಿ ತಾಲ್ಲೂಕು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಒಮ್ಮೆ ಹೋಗಿಬನ್ನಿ. ಪ್ರತಿ ಶಿಲ್ಪ ಗುಂಪಿನ ಮುಂದೆ ಜನ ಎಷ್ಟು ಹೆಜ್ಜೆ ದೂರದಲ್ಲಿ ತಾವಾಗಿಯೇ ನಿಲ್ಲುತ್ತಾರೆ ಎಂದು ಬರೆದುಕೊಳ್ಳಿ. ಆ ದೂರವೇ ನಿಮ್ಮ ಹಾಲ್‌ನಲ್ಲಿ ಶಿಲ್ಪದ ಸುತ್ತ ಬಿಡಬೇಕಾದ ಜಾಗ.

ಹಂತ 2: ವಿಷಯವಲ್ಲ, ಪ್ರಶ್ನೆ ಹಿಡಿಯಿರಿ (2ನೇ ವಾರ)

‘ಪ್ರಕೃತಿ’, ‘ಮಹಿಳೆ’, ‘ಬಣ್ಣಗಳ ಲೋಕ’ ಎಂಬ ಹೆಸರಿಟ್ಟರೆ ಯಾವ ಚಿತ್ರವನ್ನೂ ಬೇಡ ಎನ್ನಲು ಬರುವುದಿಲ್ಲ, ಎಲ್ಲವೂ ಅದರಲ್ಲಿ ಹಿಡಿಯುತ್ತವೆ. ಪ್ರಶ್ನೆ ಬೇಡ ಎನ್ನುವ ಶಕ್ತಿ ಕೊಡುತ್ತದೆ. ‘ದಿನವಿಡೀ ತೊಟ್ಟು ಮುರಿದ ಕೈಗೆ ಸಂಜೆ ಏನು ಉಳಿದಿರುತ್ತದೆ?’ ಎಂದು ಕೇಳಿಕೊಂಡರೆ ಮಾರುಕಟ್ಟೆಯ ಅಂದವಾದ ಕೆಂಪು ರಾಶಿಯ ಚಿತ್ರ ಹೊರಗೆ ಹೋಗುತ್ತದೆ, ಉರಿಯುವ ಬೆರಳಿನ ಇದ್ದಿಲ ಚಿತ್ರ ಒಳಗೆ ಬರುತ್ತದೆ. ಗದಗದವರಾದರೆ ಬೆಟಗೇರಿಯಲ್ಲಿ ಮಗ್ಗ ನಿಂತ ಮನೆಗಳನ್ನು, ಹುಬ್ಬಳ್ಳಿ-ಧಾರವಾಡದವರಾದರೆ ಬಿಆರ್‌ಟಿಎಸ್ ರಸ್ತೆ ಅಗಲವಾದ ಮೇಲೆ ಅಂಚಿಗೆ ಬಂದ ಬಾಗಿಲುಗಳನ್ನು ಹೀಗೆಯೇ ಹಿಡಿಯಬಹುದು.

ಪ್ರಶ್ನೆಯನ್ನು 250 ಪದಗಳಲ್ಲಿ ಬರೆಯಿರಿ. ಪರೀಕ್ಷೆ ಸುಲಭ: ಕಲೆಯ ಗಂಧ ಇಲ್ಲದ ಮನೆಯವರೊಬ್ಬರಿಗೆ ಓದಿ ಹೇಳಿ, ‘ಇದರಲ್ಲಿ ಏನು ನೋಡಲು ಸಿಗುತ್ತದೆ?’ ಎಂದು ಕೇಳಿ. ಅವರಿಗೆ ಹೇಳಲು ಬಾರದಿದ್ದರೆ ಬರಹ ಇನ್ನೂ ಆಗಿಲ್ಲ. ‘ಸಮಕಾಲೀನ ಸಂವೇದನೆಗಳ ಅನಾವರಣ’ ತರಹದ ಸಾಲುಗಳನ್ನು ಹೊಡೆದುಹಾಕಿ. ಅವು ಯಾವ ಪ್ರದರ್ಶನಕ್ಕೂ ಅಂಟುತ್ತವೆ.

ಹಂತ 3: ಗೋಡೆ ಅಳೆಯಿರಿ (3ನೇ ವಾರ)

ಕೃತಿ ಕೇಳುವ ಮೊದಲೇ ಹಾಲ್ ಗೊತ್ತಿರಬೇಕು. ಇದೊಂದನ್ನು ಪಾಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

40 x 25 ಅಡಿ ಹಾಲ್ ಎಂದಿಟ್ಟುಕೊಳ್ಳಿ. ಸುತ್ತಳತೆ 130 ಅಡಿ. ನಾಲ್ಕಡಿಯ ಎರಡು ಬಾಗಿಲು (8), ನಾಲ್ಕಡಿಯ ನಾಲ್ಕು ಕಿಟಕಿ (16), ಸ್ವಿಚ್ ಬೋರ್ಡು, ನೋಟಿಸ್ ಬೋರ್ಡು ಇತ್ಯಾದಿ (6) ಕಳೆಯಿರಿ. ಉಳಿದದ್ದು 100 ಅಡಿ. ಇದರಲ್ಲಿ 60 ಅಡಿಗಿಂತ ಹೆಚ್ಚು ಕೃತಿಗಳಿಂದ ತುಂಬಬೇಡಿ, 40 ಅಡಿ ಖಾಲಿ ಗೋಡೆಯಾಗಿಯೇ ಇರಲಿ. ಫ್ರೇಮ್ ಸೇರಿ ಸರಾಸರಿ ಅಗಲ 3 ಅಡಿಯಾದರೆ 20 ಕೃತಿ. ಎಂಟು ಕಲಾವಿದರಿಗೆ ತಲಾ ಎರಡೂವರೆಯಂತೆ ಬರುತ್ತದೆ. ಸಮನಾಗಿ ಹಂಚಲೇಬೇಕೆಂದಿಲ್ಲ. ಒಬ್ಬರದು ಒಂದೇ ದೊಡ್ಡದು, ಇನ್ನೊಬ್ಬರದು ಐದು ಪುಟ್ಟವು ಇರಬಹುದು.

ಹಾಲ್ ನೋಡಲು ಹೋದಾಗ ಇವನ್ನು ತಪ್ಪದೆ ಕೇಳಿ:

- ಮೊಳೆ ಹೊಡೆಯಲು ಬಿಡುತ್ತಾರೆಯೆ? ಬಿಡದಿದ್ದರೆ ಮೇಲೆ ರಾಡ್ ಅಥವಾ ಹಳಿ ಇದೆಯೆ, ಅದು ಎಷ್ಟು ಕಿಲೊ ತಡೆಯುತ್ತದೆ?
- ತೂಗುಹಾಕಲು ಉದ್ಘಾಟನೆಗೆ ಮೊದಲು ಎರಡು ಪೂರ್ತಿ ದಿನ ಕೊಡುತ್ತಾರೆಯೆ? ಒಂದೇ ರಾತ್ರಿ ಎಂದರೆ ಕೃತಿ ಸಂಖ್ಯೆ 12ಕ್ಕೆ ಇಳಿಸಿ.
- ಬೀಗದ ಕೈ ಯಾರ ಹತ್ತಿರ, ರಾತ್ರಿ ಕಾವಲು ಇದೆಯೆ?
- ಕರೆಂಟ್ ಹೋದರೆ ಏನು ವ್ಯವಸ್ಥೆ?
- ಬಾಡಿಗೆ, ಠೇವಣಿ ಎಷ್ಟು, ಗೋಡೆಗೆ ಪೆಟ್ಟಾದರೆ ಯಾರು ಸರಿ ಮಾಡಿಸಬೇಕು? ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಎಚ್ಚರಿಕೆಯ ಗುರುತುಗಳೂ ಇವೆ. ಹಳೆಯ ಕಟ್ಟಡಗಳಲ್ಲಿ ಸುಣ್ಣದ ಗಾರೆ ಇರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಮೊಳೆ ನಿಲ್ಲದು, ಗಾರೆ ಹೊಪ್ಪಳಿಕೆಯಾಗಿ ಉದುರುತ್ತದೆ. ನೆಲದ ಹತ್ತಿರ ಉಪ್ಪು ಬಿಟ್ಟಂತೆ ಬಿಳಿ ಪುಡಿ ಕಂಡರೆ ಗೋಡೆಯಲ್ಲಿ ತೇವ ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆಗೆ ಕಾಗದದ ಕೆಲಸ ಹಾಕಬೇಡಿ. ಧಾರವಾಡದ ಜಿಟಿಜಿಟಿ ಮಳೆಗೆ ಡಬಲ್ ಟೇಪ್ ಕೂಡ ಎರಡು ದಿನದಲ್ಲಿ ಬಿಟ್ಟುಕೊಳ್ಳುತ್ತದೆ. ಇನ್ನು ತಗಡಿನ ಮಾಡಿನ ಹಾಲ್ ಏಪ್ರಿಲ್-ಮೇ ತಿಂಗಳಲ್ಲಿ ಕಾದರೆ ಅಕ್ರಿಲಿಕ್ ಬಣ್ಣದ ಮೇಲ್ಮೈ ಮೆತ್ತಗಾಗಿ ತಾಗಿದ್ದಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಕಡೆ ಪ್ರದರ್ಶನಕ್ಕೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ.

ಹಂತ 4: ಕೃತಿ ಆಯ್ಕೆ (4–6ನೇ ವಾರ)

ವಾಟ್ಸ್‌ಆ್ಯಪ್ ಫೋಟೊ ನೋಡಿ ಆರಿಸಬೇಡಿ. ಫೋಟೊದಲ್ಲಿ ಒಂದಡಿಯ ಚಿತ್ರವೂ ಆರಡಿಯದೂ ಒಂದೇ ಅಳತೆಯಾಗಿ ಕಾಣುತ್ತವೆ. ಕಲಾವಿದರ ಕೋಣೆಗೆ ಹೋಗಿ, ಮುಗಿದ ಕೃತಿಗಳ ಜೊತೆ ಗೋಡೆಗೆ ಒರಗಿಸಿಟ್ಟ ಅರ್ಧ ಕೆಲಸವನ್ನೂ ತೋರಿಸಲು ಕೇಳಿ. ಹಲವು ಸಲ ಪ್ರಶ್ನೆಗೆ ಉತ್ತರ ಅಲ್ಲಿಯೇ ಇರುತ್ತದೆ.

ಬೇಡ ಎನ್ನುವುದು ಕ್ಯುರೇಟರನ ಅತಿ ಕಷ್ಟದ ಕೆಲಸ, ಅದರಲ್ಲೂ ಎದುರಿಗಿರುವವರು ಕಾಲೇಜಿನ ಹಿರಿಯ ವಿದ್ಯಾರ್ಥಿಗಳೋ ಪಾಠ ಹೇಳಿದ ಗುರುಗಳೋ ಆದಾಗ. ಎಂಟು ದಿನದೊಳಗೆ ನೇರವಾಗಿ ತಿಳಿಸಿಬಿಡಿ. ‘ಸರ್, ನಿಮ್ಮ ಈ ಎರಡು ಕೆಲಸ ಪ್ರಶ್ನೆಗೆ ಹತ್ತಿರ ಇದ್ದಾವ, ಮೂರನೆಯದಕ್ಕ ಈ ಗೋಡೆಯಾಗ ಜಾಗ ಸಾಲೂದಿಲ್ರಿ’ ಎಂದು ಅಳತೆ ಸಮೇತ ಹೇಳಿದರೆ ಬೇಜಾರು ಕಡಿಮೆ. ಸುಮ್ಮನಿದ್ದು ಕೊನೆಯ ದಿನ ಮೂಲೆಗೆ ಸರಿಸಿದರೆ ಆ ಸಂಬಂಧ ಮತ್ತೆ ಕೂಡುವುದು ಕಷ್ಟ.

ಮಾಧ್ಯಮಕ್ಕೆ ತಕ್ಕಂತೆ ಕೆಲವನ್ನು ಆಗಲೇ ಪರೀಕ್ಷಿಸಿ. ತೈಲವರ್ಣ ಮುಟ್ಟಿದರೆ ಒಣಗಿದಂತಿದ್ದರೂ ದಪ್ಪ ಬಣ್ಣದ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ, ಸಾಗಣೆಯಲ್ಲಿ ಒತ್ತಿಕೊಳ್ಳುತ್ತದೆ. ಇದ್ದಿಲು ಮತ್ತು ಸಾಫ್ಟ್ ಪೇಸ್ಟಲ್‌ಗೆ ಅಕ್ರಿಲಿಕ್ ಶೀಟ್ ಹಾಕಿಸಬೇಡಿ. ಒರೆಸಿದಾಗ ಹುಟ್ಟುವ ಸ್ಥಿರ ವಿದ್ಯುತ್ತು ಪುಡಿಯನ್ನು ಕಾಗದದಿಂದ ಎಳೆದುಕೊಳ್ಳುತ್ತದೆ. ಗಾಜೇ ಬೇಕು, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ ಅಂಚು) ಬೇಕು. ಕಸೂತಿ ಬಟ್ಟೆ, ನವಲಗುಂದ ಜಮಖಾನೆಯಂಥವಕ್ಕೆ ಎಂದೂ ಮೊಳೆ ಚುಚ್ಚಬಾರದು. ಹಿಂದೆ ಮೇಲಂಚಿನುದ್ದಕ್ಕೂ ಬಟ್ಟೆಯ ಕೊಳವೆ ಹೊಲಿಸಿ ಅದರಲ್ಲಿ ಕೋಲು ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ.

ನಿಜವಾದ ಮೆಣಸಿನಕಾಯಿಯ ರಾಶಿ ಹಾಕುತ್ತೇನೆ ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ಮುಚ್ಚಿದ ಹಾಲ್‌ನಲ್ಲಿ ಫ್ಯಾನ್ ತಿರುಗಿದ ಕೂಡಲೇ ಘಾಟು ಎಲ್ಲೆಡೆ ಹಬ್ಬಿ ಜನ ಕೆಮ್ಮುತ್ತಾ ಹೊರಗೆ ಓಡುತ್ತಾರೆ. ಮುರಿದ ಕಾಯಿಯ ಕೆಂಪು ಧೂಳು ಪಕ್ಕದ ಬಿಳಿ ಕಾಗದದ ಮೇಲೆ ಕೂರುತ್ತದೆ, ಒರೆಸಿದರೆ ಕಲೆಯಾಗುತ್ತದೆ, ಬೀಜಕ್ಕೆ ಹುಳು ಬರುತ್ತದೆ. ರಾಶಿಯನ್ನು ಹೊರ ಪಡಸಾಲೆಯಲ್ಲಿ ಇಡಿ, ಇಲ್ಲವೆ ಮುಚ್ಚಳವಿರುವ ಗಾಜಿನ ಪೆಟ್ಟಿಗೆಯೊಳಗೆ. ಧಾನ್ಯ, ಮಣ್ಣು, ಸೆಗಣಿ, ಹೂವು ಹೀಗೆ ಯಾವ ಹಸಿ ವಸ್ತು ಬಂದರೂ ಐದು ದಿನ ಮುಂಚೆ ಒಂದು ಕೋಣೆಯಲ್ಲಿ ಸ್ವಲ್ಪ ಇಟ್ಟು ನೋಡಿ.

ಹಂತ 5: ಬರಹದಲ್ಲಿ ಒಪ್ಪಂದ (7ನೇ ವಾರ)

ಗೆಳೆತನ ಇದ್ದಲ್ಲಿಯೇ ಕಾಗದ ಹೆಚ್ಚು ಬೇಕು. ಪ್ರತಿ ಕೃತಿಗೂ ಒಂದು ಪುಟ ಸಾಕು: ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ (ಎತ್ತರ x ಅಗಲ, ಫ್ರೇಮ್ ಬಿಟ್ಟು ಮತ್ತು ಸೇರಿ), ತೂಕ, ಬೆಲೆ, ತಂದುಕೊಡುವ ಮತ್ತು ಹಿಂದಿರುಗಿಸುವ ದಿನಾಂಕ. ಮಾರಾಟವಾದರೆ ಗುಂಪಿಗೆ ಪಾಲು ಎಷ್ಟು, ಹಣ ಎಷ್ಟು ದಿನದಲ್ಲಿ ಕೈಸೇರಬೇಕು, ಪೆಟ್ಟಾದರೆ ಹೊಣೆ ಯಾರದು ಎಂಬುದನ್ನೂ ಬರೆಯಿರಿ. ಫೋಟೊ ಬಳಸಲು ಒಪ್ಪಿಗೆಯ ಸಾಲು ಪ್ರತ್ಯೇಕ ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ, ಬರಹದಲ್ಲಿ ಬಿಟ್ಟುಕೊಡದ ಹೊರತು, ಚಿತ್ರವನ್ನು ಮಾರಿದ ಮಾತ್ರಕ್ಕೆ ಅದರ ಹಕ್ಕು ಕಲಾವಿದರ ಕೈಬಿಟ್ಟು ಹೋಗುವುದಿಲ್ಲ.

ಕೃತಿ ಕೈಗೆ ಬಂದ ದಿನ ಮುಂದೆ, ಹಿಂದೆ, ನಾಲ್ಕೂ ಮೂಲೆಗಳ ಫೋಟೊ ತೆಗೆದು, ಆಗಲೇ ಇರುವ ಗೀರು, ಕಲೆಗಳನ್ನು ಬರೆದು, ಕಲಾವಿದರ ಸಹಿ ಹಾಕಿಸಿ. ಈ ಹತ್ತು ನಿಮಿಷದ ಕೆಲಸ ತಪ್ಪಿಸಿದವರು ಕೊನೆಯ ದಿನ ಜಗಳಕ್ಕೆ ಸಿಗುತ್ತಾರೆ.

ಹಂತ 6: ಪುಟ್ಟ ಹಾಲ್ ಕಟ್ಟಿ (8ನೇ ವಾರ)

ಅರ್ಧ ಇಂಚಿಗೆ ಒಂದು ಅಡಿ ಎಂದು ಹಿಡಿದರೆ 40 x 25 ಅಡಿ ಹಾಲ್ 20 x 12.5 ಇಂಚಿನ ಪೆಟ್ಟಿಗೆಯಾಗುತ್ತದೆ. ಸನ್‌ಬೋರ್ಡ್ ಎಂಬ ಹಗುರ ಹಲಗೆಯಲ್ಲಿ ಗೋಡೆ ಕತ್ತರಿಸಿ ನಿಲ್ಲಿಸಿ, ಕೃತಿಗಳ ಪ್ರಿಂಟನ್ನು ಅದೇ ಅಳತೆಗೆ ತೆಗೆದು ಗುಂಡುಸೂಜಿಯಿಂದ ಚುಚ್ಚಿ. ಬಾಗಿಲ ಎತ್ತರಕ್ಕೆ ಕಣ್ಣು ತಗ್ಗಿಸಿ ಒಳಗೆ ನೋಡಿ. ಒಳಗೆ ಬಂದವರ ಕಣ್ಣು ಮೊದಲು ಬೀಳುವ ಎದುರು ಗೋಡೆಗೆ ಪ್ರಶ್ನೆಯನ್ನು ಅತಿ ಗಟ್ಟಿಯಾಗಿ ಕೇಳುವ ಕೃತಿ ಬರಬೇಕು. ಅದು ಅತಿ ದೊಡ್ಡದೇ ಆಗಬೇಕಿಲ್ಲ.

ಒಬ್ಬ ಕಲಾವಿದರ ಕೆಲಸವೆಲ್ಲ ಒಂದೇ ಕಡೆ ಗುಡ್ಡೆ ಹಾಕುವುದು ಮೊದಲ ಸಲದವರ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಎಂಟು ಪುಟ್ಟ ಏಕವ್ಯಕ್ತಿ ಪ್ರದರ್ಶನಗಳಾಗುತ್ತವೆ, ಗುಂಪು ಪ್ರದರ್ಶನವಾಗದು. ಇದ್ದಿಲಿನ ಕೈ, ಪಕ್ಕದಲ್ಲಿ ಇನ್ನೊಬ್ಬರು ತೆಗೆದ ಖಾಲಿ ಚೀಲದ ಫೋಟೊ: ಇವೆರಡರ ನಡುವೆ ಹುಟ್ಟುವ ಮಾತೇ ನಿಮ್ಮ ಕ್ಯುರೇಷನ್. ವಿಡಿಯೊ ಇದ್ದರೆ ಪ್ರೊಜೆಕ್ಟರ್‌ಗಿಂತ ಟಿವಿ ಲೇಸು, ನಮ್ಮ ಹಾಲ್‌ಗಳು ಹಗಲು ಹೊತ್ತು ಕತ್ತಲಾಗುವುದಿಲ್ಲ. ಸದ್ದು ಹೆಡ್‌ಫೋನಿನಲ್ಲಿರಲಿ. ಕರೆಂಟ್ ಬಂದ ಕೂಡಲೇ ವಿಡಿಯೊ ತಾನಾಗಿ ಶುರುವಾಗುವುದೆ ಎಂದು ಪ್ಲಗ್ ಕಿತ್ತು ಹಾಕಿ ಪರೀಕ್ಷಿಸಿ.

ಹಂತ 7: ಚೀಟಿ ಮತ್ತು ಗೋಡೆಬರಹ (9ನೇ ವಾರ)

ಕೃತಿಯ ಚೀಟಿಯಲ್ಲಿ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ ಸಾಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಅಕ್ಷರ 18 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ, ಸಾಲಿನ ಅಂತರ ಒಂದೂವರೆ ಪಟ್ಟು ಇರಲಿ. ಪ್ರವೇಶದ ಗೋಡೆಬರಹ 120 ಪದ ಮೀರಿದರೆ ನಿಂತು ಓದುವವರಿಲ್ಲ.

ಪ್ರಿಂಟಿಂಗ್ ಅಂಗಡಿಗೆ ವರ್ಡ್ ಫೈಲ್ ಕೊಡಬೇಡಿ. ನೀವು ಯೂನಿಕೋಡ್‌ನಲ್ಲಿ ಬರೆದಿರುತ್ತೀರಿ, ಅವರಲ್ಲಿ ಹಳೆಯ ನುಡಿ ಫಾಂಟ್ ಇರುತ್ತದೆ, ಒತ್ತಕ್ಷರಗಳೆಲ್ಲ ಕಳಚಿಕೊಂಡು ಬರುತ್ತವೆ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಿ, ಒಂದು ಪ್ರತಿ ತೆಗೆಸಿ ಓದಿ, ಆಮೇಲೆ ಉಳಿದದ್ದು. ಹೆಸರಿನ ಕಾಗುಣಿತವನ್ನು ಆಯಾ ಕಲಾವಿದರ ಕೈಯಲ್ಲೇ ಬರೆಸಿಕೊಳ್ಳಿ. ಬ್ಯಾನರ್ ಬಟ್ಟೆಯದಿರಲಿ, ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ರಸ್ತೆ ಬದಿ ಕಟ್ಟಲು ಪಾಲಿಕೆಯ ಅನುಮತಿಯೂ ಬೇಕು.

ಆಮಂತ್ರಣ ಪತ್ರಿಕೆ ಈಗ ಅಚ್ಚಿಗೆ ಹೋಗಲಿ.

ಹಂತ 8: ಕಟ್ಟುವುದು, ಸಾಗಿಸುವುದು (11ನೇ ವಾರ)

ಬಬಲ್ ಶೀಟನ್ನು ನೇರವಾಗಿ ಚಿತ್ರದ ಮೇಲೆ ಸುತ್ತಿದರೆ ಬಣ್ಣದ ಮೇಲೆ ಗುಳ್ಳೆಯ ಅಚ್ಚು ಉಳಿಯುತ್ತದೆ. ಮೊದಲು ನುಣುಪಾದ ಬಟರ್ ಪೇಪರ್, ಮೂಲೆಗಳಿಗೆ ರಟ್ಟಿನ ಕಾಪು, ಮೇಲೆ ಬಬಲ್ ಶೀಟ್, ಗುಳ್ಳೆ ಹೊರಮುಖವಾಗಿ. ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಗುಣಾಕಾರ ಚಿಹ್ನೆಯಂತೆ ಅಂಟಿಸಿದರೆ, ಒಡೆದರೂ ಚೂರು ಚಿತ್ರಕ್ಕೆ ಚುಚ್ಚುವ ಸಂಭವ ಕಡಿಮೆ.

ಟಾಟಾ ಏಸ್‌ನಲ್ಲಿ ಚಿತ್ರಗಳನ್ನು ಮಲಗಿಸಬೇಡಿ, ನಿಲ್ಲಿಸಿ. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು, ನಡುವೆ ರಟ್ಟು. ಕೆಳಗೆ ಹಳೆಯ ಕೌದಿ ಹಾಸಿ, ಹಗ್ಗ ಫ್ರೇಮಿನ ಅಂಚಿಗೆ ಬೀಳಲಿ, ಕ್ಯಾನ್ವಾಸಿಗೆ ತಾಗದಿರಲಿ. ಗದಗದಿಂದಲೋ ಹಾವೇರಿಯಿಂದಲೋ ಬಸ್ಸಿನ ಮೇಲೆ ಹಾಕಿ ಕಳಿಸುವುದು ಬೇಡ.

ಹಂತ 9: ತೂಗುಹಾಕುವುದು (12ನೇ ವಾರ, ಎರಡು ದಿನ)

ಬೇಕಾದ ಸಾಮಾನು: ಎರಡು ಅಳತೆ ಟೇಪು, ಎರಡಡಿಯ ರಸಮಟ್ಟ, ಪೆನ್ಸಿಲ್, ಸುತ್ತಿಗೆ, ಕಾಂಕ್ರೀಟ್ ಮೊಳೆ, 6 ಮಿ.ಮೀ. ಬಿಟ್ ಇರುವ ಡ್ರಿಲ್, ರಾವಲ್ ಪ್ಲಗ್ (ಸ್ಕ್ರೂ ಬಿಗಿಯಾಗಿ ಕೂರಲು ತೂತಿಗೆ ಹಾಕುವ ಕೊಳವೆ) ಮತ್ತು ಸ್ಕ್ರೂ, ಡಿ-ರಿಂಗ್ (ಫ್ರೇಮಿನ ಹಿಂದೆ ತಂತಿ ಕಟ್ಟುವ ಉಂಗುರ), ಹೆಣೆದ ತಂತಿ, ಏಣಿ, ಕೈಗವಸು, ಎಕ್ಸ್‌ಟೆನ್ಷನ್ ಬೋರ್ಡು, ವಾಲ್ ಪುಟ್ಟಿ.

ಮೊದಲ ದಿನ ಬೆಳಿಗ್ಗೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಎಲ್ಲ ಕೃತಿಗಳನ್ನೂ ಮಾದರಿಯಲ್ಲಿದ್ದ ಕ್ರಮದಲ್ಲಿ ಗೋಡೆಯ ಬುಡಕ್ಕೆ ಒರಗಿಸಿ, ಕೆಳಗೆ ಥರ್ಮೋಕೋಲ್ ಚೂರು ಕೊಟ್ಟು, ಎರಡು ಗಂಟೆ ಹಾಗೇ ಬಿಟ್ಟು ಸುತ್ತಾಡಿ. ಏನಾದರೂ ಬದಲಾವಣೆ ಇದ್ದರೆ ಈಗಲೇ ಆಗಲಿ.

ಎತ್ತರದ ಲೆಕ್ಕ ಹೀಗೆ. ಚಿತ್ರದ ನಡುಬಿಂದು ನೆಲದಿಂದ 57 ಇಂಚು (145 ಸೆಂ.ಮೀ.) ಇರಬೇಕು. ಶಾಲಾ ಮಕ್ಕಳು ಹೆಚ್ಚು ಬರುವಂತಿದ್ದರೆ 54. ಮೊಳೆಯ ಎತ್ತರ = 57 + ಚಿತ್ರದ ಅರ್ಧ ಎತ್ತರ – ತಂತಿಯನ್ನು ಬಿಗಿಯಾಗಿ ಮೇಲಕ್ಕೆ ಎಳೆದಾಗ ಅದರ ತುದಿಗೂ ಫ್ರೇಮಿನ ಮೇಲಂಚಿಗೂ ಇರುವ ಅಂತರ. ಚಿತ್ರ 36 ಇಂಚು ಎತ್ತರ, ತಂತಿಯ ಅಂತರ 3 ಇಂಚು ಎಂದರೆ 57 + 18 – 3 = 72 ಇಂಚು. ಚಿತ್ರಗಳ ಮೇಲಂಚು ಸಮ ಮಾಡಲು ಹೋಗಬೇಡಿ. ಅಳತೆ ಬೇರೆ ಬೇರೆ ಇದ್ದಾಗ ನಡುಬಿಂದು ಒಂದೇ ಗೆರೆಯಲ್ಲಿದ್ದರೆ ಕಣ್ಣಿಗೆ ಸಮ ಕಾಣುತ್ತದೆ. ನೆಲ ಓರೆಯಿರುವ ಹಳೆಯ ಹಾಲ್‌ನಲ್ಲಿ ಪ್ರತಿ ಸಲ ನೆಲದಿಂದ ಅಳೆಯದೆ, ಒಂದು ಕಡೆ 57 ಗುರುತು ಮಾಡಿ ರಸಮಟ್ಟದಿಂದ ನೂಲು ಎಳೆದುಕೊಳ್ಳಿ.

ಅಂತರಕ್ಕೂ ಲೆಕ್ಕವಿದೆ. ಗೋಡೆ 20 ಅಡಿ, ಅಂದರೆ 240 ಇಂಚು. ನಾಲ್ಕು ಚಿತ್ರಗಳ ಅಗಲ 36, 24, 36, 30 ಸೇರಿ 126. ಉಳಿದ 114 ಇಂಚನ್ನು ಐದು ಸಂದುಗಳಿಗೆ ಹಂಚಿದರೆ ತಲಾ ಸುಮಾರು 23 ಇಂಚು.

ಭಾರವನ್ನು ಊಹೆಗೆ ಬಿಡಬೇಡಿ. 3 ಮಿ.ಮೀ. ಗಾಜು ಚದರ ಮೀಟರಿಗೆ 7.5 ಕಿಲೊ ತೂಗುತ್ತದೆ. 2 x 3 ಅಡಿ ಚಿತ್ರಕ್ಕೆ ಗಾಜೊಂದೇ ನಾಲ್ಕು ಕಿಲೊ ದಾಟುತ್ತದೆ, ಫ್ರೇಮ್ ಬೇರೆ. ಐದು ಕಿಲೊ ಮೀರಿದ್ದಕ್ಕೆ ಮೊಳೆ ಬಿಟ್ಟು ಸ್ಕ್ರೂ ಹಾಕಿ. ಮೂರಡಿಗಿಂತ ಅಗಲದ್ದಕ್ಕೆ ಎರಡು ಕಡೆ ಆಧಾರ ಕೊಡಿ, ಆಗ ಓರೆಯಾಗುವುದಿಲ್ಲ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಹಾಕಬೇಡಿ, ವೈರು ಸಾಮಾನ್ಯವಾಗಿ ಅಲ್ಲಿಯೇ ಹಾದಿರುತ್ತದೆ.

ಗೋಡೆಗೆ ಮೊಳೆ ಬೇಡವೆಂದರೆ 8 x 4 ಅಡಿ ಪ್ಲೈವುಡ್ ಪ್ಯಾನೆಲ್ ನಿಲ್ಲಿಸಬಹುದು. ಅವನ್ನು ನೇರ ಸಾಲಿನಲ್ಲಿ ನಿಲ್ಲಿಸಿದರೆ ಒಂದು ತಳ್ಳಿಗೆ ಬೀಳುತ್ತವೆ. ಅಂಕುಡೊಂಕಾಗಿ ಒಂದಕ್ಕೊಂದು ಬಿಗಿದು, ಕಾಲಿಗೆ ಮರಳಿನ ಚೀಲ ಇಡಿ.

ಹಂತ 10: ಬೆಳಕು (ಎರಡನೇ ದಿನದ ಸಂಜೆ)

ಬೆಳಕು ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಬೀಳಬೇಕು. ನೇರ ಎದುರಿನಿಂದ ಬಿದ್ದರೆ ಗಾಜು ಹೊಳೆಯುತ್ತದೆ, ತೀರ ಮೇಲಿನಿಂದಾದರೆ ಫ್ರೇಮಿನ ನೆರಳು ಚಿತ್ರದ ಮೇಲೆ ಬೀಳುತ್ತದೆ. ಹಳದಿ ಬಲ್ಬು, ಬಿಳಿ ಟ್ಯೂಬ್‌ಲೈಟು ಬೆರೆಸಬೇಡಿ. ಬ್ಯಾಡಗಿಯ ಕೆಂಪು ಒಂದರ ಕೆಳಗೆ ಇಟ್ಟಿಗೆಯ ಬಣ್ಣವಾಗುತ್ತದೆ, ಇನ್ನೊಂದರ ಕೆಳಗೆ ಗುಲಾಬಿಯಾಗುತ್ತದೆ. ಎಲ್ಲವೂ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಲ್‌ಇಡಿ ಇರಲಿ, ಪೊಟ್ಟಣದ ಮೇಲೆ ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಂಕ) 90 ಅಥವಾ ಹೆಚ್ಚು ಎಂದಿರಲಿ. ಜಲವರ್ಣ, ಕಾಗದ, ಬಟ್ಟೆಗೆ 50 ಲಕ್ಸ್ (ಬೀಳುವ ಬೆಳಕಿನ ಪ್ರಮಾಣದ ಅಳತೆ) ಸಾಕು, ತೈಲವರ್ಣಕ್ಕೆ 200ರವರೆಗೆ ನಡೆಯುತ್ತದೆ. ಫೋನಿನ ಆ್ಯಪ್‌ನಲ್ಲಿ ಅಂದಾಜು ಸಿಗುತ್ತದೆ. ಬೆಳಗಿನ ಎಳೆ ಬಿಸಿಲು ಯಾವ ಗೋಡೆಗೆ ಬೀಳುತ್ತದೆಂದು ನೋಡಿ, ಆ ಕಿಟಕಿಗೆ ಕೋರಾ ಬಟ್ಟೆ ಕಟ್ಟಿ.

ಚೀಟಿಗಳನ್ನು ಬೆಳಕು ಸರಿಹೊಂದಿದ ಮೇಲೆ ಅಂಟಿಸಿ, ಎಲ್ಲವೂ ಚಿತ್ರದ ಬಲಗಡೆ ಒಂದೇ ಎತ್ತರಕ್ಕೆ. ಆಮೇಲೆ, ಜನ ಬರುವ ಮೊದಲು, ಪ್ರತಿ ಗೋಡೆಯ ನೇರ ಫೋಟೊ ತೆಗೆದಿಡಿ.

ಹಂತ 11: ಉದ್ಘಾಟನೆ ಮತ್ತು ನಂತರದ ದಿನಗಳು

ವೇದಿಕೆ, ಮೈಕು, ಸನ್ಮಾನ ಎಲ್ಲವೂ ಹೊರಗೆ ಪಡಸಾಲೆಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಲಿ. ಹಾಲ್ ಒಳಗೆ ಕುರ್ಚಿ ಹಾಕಿದರೆ ಹಿಂದಿನ ಸಾಲಿನ ಬೆನ್ನು ಚಿತ್ರಕ್ಕೆ ತಾಗಿಯೇ ತಾಗುತ್ತದೆ. ದೀಪ ಬೆಳಗುವ ಸಮೆ (ದೀಪದ ಕಂಬ) ಯಾವ ಕೃತಿಯಿಂದಲೂ ಆರಡಿ ದೂರ ಇರಲಿ. ಉಳಿದ ಹೊತ್ತು ಕ್ಯುರೇಟರ್ ಅತಿಥಿಗಳೊಂದಿಗೆ ನಡೆಯುತ್ತಾ ಕೃತಿಯಿಂದ ಕೃತಿಗೆ ಯಾಕೆ ಹೀಗೆ ಎಂದು ವಿವರಿಸಲಿ. ತೊಟ್ಟು ಮುರಿಯುವ ಹೆಣ್ಣುಮಕ್ಕಳ ಮೇಲೆ ಪ್ರದರ್ಶನ ಮಾಡಿ ಅವರನ್ನೇ ಕರೆಯದಿರುವುದು ಸರಿಯಲ್ಲ. ಅವರಿಗೆ ಕೆಲಸವಿಲ್ಲದ ದಿನ ಕೇಳಿ, ಹೋಗಿಬರಲು ಗಾಡಿ ಮಾಡಿ, ಅವರ ಮುಖವಿರುವ ಫೋಟೊಗಳಿಗೆ ಮೊದಲೇ ಒಪ್ಪಿಗೆ ಪಡೆಯಿರಿ.

ಪಾಳಿಯ ಪಟ್ಟಿ ಮಾಡಿ ಯಾವಾಗಲೂ ಇಬ್ಬರು ಹಾಲ್‌ನಲ್ಲಿರಬೇಕು. ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕೃತಿಗಳ ಎಣಿಕೆ, ಓರೆಯಾದವುಗಳ ಸರಿಪಡಿಕೆ, ಒಣ ಬಟ್ಟೆಯಿಂದ ಗಾಜಿನ ಧೂಳು ಒರೆಸುವುದು. ಗಾಜಿನ ಒಳಗಡೆ ಮಂಜು ಕಟ್ಟಿದಂತೆ ಕಂಡರೆ ಆ ಚಿತ್ರವನ್ನು ಕೂಡಲೇ ಇಳಿಸಿ, ಹಿಂಬದಿ ಬಿಚ್ಚಿ ಒಣಗಲು ಬಿಡಿ. ತಡಮಾಡಿದರೆ ಬೂಷ್ಟು ಹಿಡಿಯುತ್ತದೆ.

ಹಂತ 12: ಇಳಿಸುವುದು

ಮುಗಿದ ರಾತ್ರಿಯೇ ಆತುರದಿಂದ ಕೀಳಬೇಡಿ, ದಣಿದ ಕೈಯಿಂದಲೇ ಗಾಜು ಜಾರುವುದು. ಮರುದಿನ ಬೆಳಿಗ್ಗೆ, ಬಂದಾಗ ತೆಗೆದ ಫೋಟೊ ಪಕ್ಕದಲ್ಲಿಟ್ಟು ಪ್ರತಿ ಕೃತಿಯನ್ನೂ ಹೋಲಿಸಿ, ಅದೇ ಪುಟದ ಕೆಳಗೆ ಕಲಾವಿದರ ಸಹಿ ಪಡೆದು ಹಿಂದಿರುಗಿಸಿ. ಮಾರಾಟವಾದದ್ದನ್ನು ಪೂರ್ತಿ ಹಣ ಬಂದ ಮೇಲೆ ರಸೀದಿ ಸಮೇತ ಕೊಡಿ. ರಾವಲ್ ಪ್ಲಗ್ ಕಿತ್ತು, ತೂತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳು ಕಾಗದ ಉಜ್ಜಿ, ಗೋಡೆಯ ಬಣ್ಣ ಹಚ್ಚಿ. ಹಾಲ್‌ನವರನ್ನು ಕರೆದು ಗೋಡೆ ತೋರಿಸಿ, ಠೇವಣಿಯನ್ನು ಅಲ್ಲಿಯೇ ಪಡೆದುಕೊಳ್ಳಿ.